ಪೂರ್ತಿ ಬಜೆಟ್ ಏಜೆಂಟ್‌ಗೆ ಹೇಳಬೇಡಿ, ನಾನು ಹೇಳಿ ಕೆಟ್ಟೆ

ಮೊದಲೇ ಒಪ್ಪಿಕೊಳ್ಳುತ್ತೇನೆ, ತಪ್ಪು ನನ್ನದೂ ಇದೆ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಮೊದಲ ಸಲ ಮನೆ ಕೊಳ್ಳೋಕೆ ಹೊರಟವರು ಇನ್ನೊಬ್ಬರು ಹೀಗೆ ದುಡ್ಡು ಕಳೆದುಕೊಳ್ಳೋದು ಬೇಡ.

ಏಜೆಂಟ್ ಮಾತು ಬೆಣ್ಣೆ. "ಸರ್, ನಾನು ನಿಮ್ಮ ಕಡೆಯವನು ಅಂದ್ಕೊಳ್ಳಿ. ಕೊನೆಗೆ ಎಷ್ಟರವರೆಗೆ ಹೋಗ್ತೀರಿ ಹೇಳಿಬಿಡಿ, ಸುಮ್ನೆ ಟೈಮ್ ವೇಸ್ಟ್ ಆಗಲ್ಲ" ಅಂದ. ಹೇಳಿದೆ. ಉಳಿತಾಯ ಎಷ್ಟು, ಬ್ಯಾಂಕಿನಿಂದ ಎಷ್ಟು ಸಿಗಬಹುದು, ಎಲ್ಲಾ ಹೇಳಿದೆ. ಎರಡು ದಿನ ಬಿಟ್ಟು ಒಂದು ಮನೆ ತೋರಿಸಿದ. ಚೌಕಾಸಿ ಮಾಡಿದೆ. ಮಾಲೀಕರು ಇಳಿದು ಇಳಿದು, ಸರಿಯಾಗಿ ನಾನು ಹೇಳಿದ್ದ ಆ ಅಂಕಿಗೇ ಬಂದು ನಿಂತರು. ಒಂದು ಕಾಸು ಆಚೆ ಇಲ್ಲ, ಈಚೆ ಇಲ್ಲ. ಆಗಲೂ ನನಗೆ ಹೊಳೆಯಲಿಲ್ಲ! ಅದೃಷ್ಟ ಅಂದುಕೊಂಡು ಹೆಂಡತಿಗೆ ಖುಷಿಯಿಂದ ಹೇಳಿದೆ ಬೇರೆ.

ಆಮೇಲೆ ಅವಸರ ಶುರುವಾಯಿತು. "ಇನ್ನೊಂದು ಪಾರ್ಟಿ ಸಂಜೆ ಅಡ್ವಾನ್ಸ್ ಕೊಡೋಕೆ ಬರ್ತಿದ್ದಾರೆ ಸರ್." ಕೊಟ್ಟೆ. ಲೋನ್ ಆಗದಿದ್ದರೆ ಅಡ್ವಾನ್ಸ್ ವಾಪಸ್ ಬರುತ್ತಾ ಅಂತ ಕೇಳಿದ್ದೆ, "ಅದೆಲ್ಲಾ ನಾನು ನೋಡ್ಕೋತೀನಿ" ಅಂದ. ಕಾಗದದಲ್ಲಿ ಆ ಮಾತೇ ಇರಲಿಲ್ಲ. ಓದದೆ ಸೈನ್ ಹಾಕಿದವನು ನಾನೇ, ಯಾರನ್ನ ಬೈಯಲಿ?

ಬ್ಯಾಂಕಿನವರು ಮನೆಗೆ ಕಟ್ಟಿದ ಬೆಲೆ ನಾವು ಒಪ್ಪಿದ್ದಕ್ಕಿಂತ ಕಡಿಮೆ ಬಂತು. ಇದು ನನಗೆ ಗೊತ್ತೇ ಇರಲಿಲ್ಲ ನೋಡಿ. ಮೊದಲು ಸಿಗುವ ಲೋನ್ ಒಪ್ಪಿಗೆ ನಮ್ಮ ಸಂಬಳ ನೋಡಿ ಕೊಡೋದು, ಮನೆಯ ಲೆಕ್ಕವೇ ಬೇರೆ. ನೀವು 100ಕ್ಕೆ ಒಪ್ಪಿದ್ದೀರಿ, ಅವರು 90 ಅಂತ ಬೆಲೆ ಕಟ್ಟಿದರು ಅಂದರೆ, ಶೇಕಡಾ 80ರಷ್ಟು ಸಾಲ ಅಂದಾಗ ಸಿಗೋದು 72 ಮಾತ್ರ. ಕೈಯಿಂದ 20 ಹಾಕಿದರೆ ಸಾಕು ಅಂದುಕೊಂಡವನು 28 ಹೊಂದಿಸಬೇಕು. ನನ್ನ ಕೈಲಿ ಆಗಲಿಲ್ಲ.

ಫೋನ್ ಮಾಡಿದೆ. "ಅದು ಬ್ಯಾಂಕಿನ ವಿಷಯ ಸರ್, ನಾನೇನು ಮಾಡಲಿ?" ಅಡ್ವಾನ್ಸ್ ಕೇಳಿದರೆ "ಅದು ಮಾಲೀಕರ ವಿಷಯ ಸರ್." ನೀನು ನನ್ನ ಕಡೆಯವನು ಅಂದಿದ್ದೆ ಅಲ್ವಾ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರ್, ಕಮಿಷನ್ ಕೊಡೋದು ಅವರು ತಾನೇ" ಅಂದ. ಎಷ್ಟು ಆರಾಮಾಗಿ ಅಂದ ಗೊತ್ತಾ! ಆ ಅಂಕಿ ಮಾಲೀಕರಿಗೆ ಹೇಗೆ ಗೊತ್ತಾಯಿತು ಅಂತ ಆಗ ಅರ್ಥವಾಯಿತು. ಬೆಲೆ ಜಾಸ್ತಿ ಆದಷ್ಟೂ ಅವನ ಕಮಿಷನ್ನೂ ಜಾಸ್ತಿ.

ಆಮೇಲೆ ತಿಳಿಯಿತು, ಅವನು ಈ ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಸಂಬಳ ಇಲ್ಲ, ಮಾರಿದರೆ ಮಾತ್ರ ದುಡ್ಡು. ಈ ಫೀಲ್ಡಿನಲ್ಲಿ ಬಹಳ ಜನರ ಪಾಡು ಅದೇ ಅಂತೆ. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಹಾಗಾಗಿ, ಏಜೆಂಟ್‌ಗೆ ಯಾರು ದುಡ್ಡು ಕೊಡ್ತಾರೆ ಅಂತ ಮೊದಲ ದಿನವೇ ಕೇಳಿ. ಬಜೆಟ್ ಕೇಳಿದರೆ ಕಡಿಮೆ ಮಾಡಿಯೇ ಹೇಳಿ. ಲೋನ್ ಆಗದಿದ್ದರೆ ಅಡ್ವಾನ್ಸ್ ವಾಪಸ್ ಅಂತ ಬರೆಸಿಕೊಳ್ಳಿ, ಬರೆಯಲ್ಲ ಅಂದರೆ ಎದ್ದು ಬನ್ನಿ. ಕಾಗದಪತ್ರ ನೋಡೋಕೆ ವಕೀಲರನ್ನ ನೀವೇ ಹುಡುಕಿ, ಅವನು ಹೇಳಿದವರು ಬೇಡ.

ಹೋದ ವಾರ ಅವನದೇ ಮೆಸೇಜ್ ಬಂದಿದೆ. "ಸರ್, ಆ ಮನೆ ಇನ್ನೂ ಇದೆ. ಬೆಲೆ ಸ್ವಲ್ಪ ಇಳಿಸಿದ್ದಾರೆ. ಫ್ರೆಂಡ್ಸ್ ಯಾರಾದರೂ ಇದ್ದರೆ ಹೇಳಿ."