ನಂದಿ ತಪ್ಪಲಿನ ಟೈಮ್‌ಶೇರ್: ರೂಮು ಚೆನ್ನ, ಟ್ರಾನ್ಸ್‌ಫರ್ ಕಷ್ಟ

ನಂದಿ ಬೆಟ್ಟದ ತಪ್ಪಲಿನ ರೆಸಾರ್ಟೊಂದರಲ್ಲಿ ವರ್ಷಕ್ಕೊಂದು ವಾರ ಉಳಿದುಕೊಳ್ಳುವ ಹಕ್ಕನ್ನು, ಅಂದರೆ ಟೈಮ್‌ಶೇರ್ ಅನ್ನು, ಚಿಕ್ಕಬಳ್ಳಾಪುರದ ಪರಿಚಯದವರಿಂದ ಕೊಳ್ಳಲು ಹೊರಟಿದ್ದೆ. ರೇಟು ಕುದುರಿತು, ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟೂ ಆಯಿತು. ಆಮೇಲೆ ಕಾಗದ ರೆಸಾರ್ಟ್ ಕಂಪನಿಗೆ ಹೋಯಿತು, ಅಲ್ಲೇ ಸಿಕ್ಕಿಕೊಂಡಿತು. ಯಾರೇ ಮಾರಿದರೂ ಅದೇ ಬೆಲೆಗೆ ಮೊದಲು ತಾನೇ ಕೊಳ್ಳುವ ಹಕ್ಕನ್ನು ಕಂಪನಿ ಮೂಲ ಕರಾರಿನಲ್ಲೇ ಇಟ್ಟುಕೊಂಡಿದೆ. ಫೋನ್ ಮಾಡಿದಾಗೆಲ್ಲ "ಪ್ರೋಸೆಸ್‌ನಲ್ಲಿದೆ ಸಾರ್" ಅಷ್ಟೇ. ಕೊನೆಗೆ ಒಂದು ಸಾಲಿನ ಮೇಲ್: ನಾವೇ ತೆಗೆದುಕೊಳ್ಳುತ್ತಿದ್ದೇವೆ.

ಮಾರುವವರಿಗೆ ಹೇಗೂ ದುಡ್ಡು ಬರುತ್ತದೆ, ಚೌಕಾಸಿ ಮಾಡಿ ಸುಮ್ನೆ ಕಾದವನಿಗೆ ಏನೂ ಇಲ್ಲ. ಬೆಲೆ ಇಳಿದಷ್ಟೂ ಕಂಪನಿಯೇ ಎತ್ತಿಕೊಳ್ಳುವ ಸಾಧ್ಯತೆ ಜಾಸ್ತಿ, ಅಲ್ವಾ? ರೂಮು, ಊಟ, ಬಾಲ್ಕನಿಯಿಂದ ಕಾಣುವ ಬೆಟ್ಟ ಎಲ್ಲ ಚೆನ್ನಾಗಿವೆ. ಟ್ರಾನ್ಸ್‌ಫರ್ ವ್ಯವಹಾರಕ್ಕೆ ಮಾತ್ರ ಒಂದೇ ಸ್ಟಾರ್. ಕಂಪನಿ ಹಕ್ಕು ಬಿಟ್ಟುಕೊಟ್ಟ ಪತ್ರ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ, ಅಡ್ವಾನ್ಸ್ ವಾಪಸ್ ಕೊಡುವ ಮಾತನ್ನು ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಿ.