ಎಡಗಡೆ ವೀಲ್ ಮಾತ್ರ ಯಾಕೆ ಬಿಸಿ? ಮಂಡಿ ಮೊಹಲ್ಲಾದ ಗ್ಯಾರೇಜಲ್ಲಿ ಉತ್ತರ ಸಿಕ್ಕಿತು

ಮೈಸೂರಲ್ಲಿ ಕಾರಿನ ಬ್ರೇಕ್ ಕೆಲಸ ಇದ್ದವರಿಗೆ ಹೇಳುತ್ತಿದ್ದೇನೆ. ಮಂಡಿ ಮೊಹಲ್ಲಾದ ಒಳಗಿನ ಒಂದು ಬೀದಿಯಲ್ಲಿ ಬೋರ್ಡೇ ಇಲ್ಲದ ಸಣ್ಣ ಗ್ಯಾರೇಜ್ ಇದೆ. ನೀಲಿ ಶಟರ್, ಮುಂದೆ ಹಳೇ ಟೈರ್ ರಾಶಿ. ನಡೆಸುವವರನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ. ಎರಡು ವರ್ಷದಿಂದ ನನ್ನ ತಲೆ ತಿನ್ನುತ್ತಿದ್ದ ಸಮಸ್ಯೆ ಅಲ್ಲಿ ಒಂದು ಬೆಳಗ್ಗೆಯಲ್ಲಿ ಬಗೆಹರಿಯಿತು.

ನಮ್ಮದು 8 ವರ್ಷದ ಪೆಟ್ರೋಲ್ ಕಾರು. ದಿನಾ ಬೋಗಾದಿಯಿಂದ ಹೆಬ್ಬಾಳಕ್ಕೆ ಓಡಾಟ, ತಿಂಗಳಿಗೊಮ್ಮೆ ಅಮ್ಮನ ಜೊತೆ ಚಾಮುಂಡಿ ಬೆಟ್ಟ, ಅಷ್ಟೇ. ಮೊದಲ ಸೆಟ್ ಮುಂದಿನ ಬ್ರೇಕ್ ಪ್ಯಾಡ್ (ವೀಲ್ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡು) 40 ಸಾವಿರ ಕಿಲೋಮೀಟರ್ ಬಂದಿತ್ತು. ಆಮೇಲೆ ಹಾಕಿಸಿದ್ದು 11 ಸಾವಿರಕ್ಕೇ ಮುಗಿಯಿತು. ಮತ್ತೆ ಹೊಸದು ಹಾಕಿಸಿದೆ, 9 ಸಾವಿರಕ್ಕೆ ಮತ್ತೆ ಕೀಚ್ ಅನ್ನೋ ಸದ್ದು. ಎರಡು ಸಲವೂ ಹೋಗಿದ್ದ ವರ್ಕ್‌ಶಾಪಲ್ಲಿ ಒಂದೇ ಮಾತು: "ಸಾರ್, ನೀವು ಬ್ರೇಕ್ ಜಾಸ್ತಿ ಒತ್ತುತ್ತೀರಿ, ಬೆಟ್ಟಕ್ಕೆ ಬೇರೆ ಹೋಗ್ತೀರಿ." ನಾನೂ ನಂಬಿದೆ. ಪ್ರತಿ ಸಲ 3,400 ರೂಪಾಯಿ ಕೊಟ್ಟು ಸುಮ್ನೆ ಬಂದೆ. ಆ ಹಳೇ ಪ್ಯಾಡ್ ಹೇಗಿತ್ತು ಅಂತ ಒಂದು ಸಲವೂ ಅವರು ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಭಾಯ್ ಕೇಳಿದ ಮೊದಲ ಪ್ರಶ್ನೆಯೇ ಅದು. "ಹಳೇ ಪ್ಯಾಡ್ ಇಟ್ಟಿದೀರಾ ಸಾರ್?" ಇಲ್ಲ ಅಂದೆ. ಪಾನಾ ಮುಟ್ಟಲಿಲ್ಲ, ಕೀ ಇಸ್ಕೊಂಡು ನನ್ನನ್ನೂ ಕೂರಿಸಿಕೊಂಡು ರಿಂಗ್ ರೋಡಿಗೆ ಹೋದರು. ಹತ್ತು ನಿಮಿಷ ಆದಷ್ಟೂ ಬ್ರೇಕ್ ಒತ್ತದೆ ಓಡಿಸಿ, ಕೊನೆಗೆ ಗಾಡಿ ತಾನಾಗೇ ನಿಲ್ಲುವವರೆಗೆ ಬಿಟ್ಟರು. ಇಳಿದು ಬಲಗಡೆ ವೀಲ್ ಹತ್ತಿರ ಕೈ ಹಿಡಿಯಿರಿ ಅಂದರು, ಉಗುರುಬೆಚ್ಚಗಿತ್ತು. ಎಡಗಡೆ ಹಿಡಿದರೆ, ಕಾದ ತವಾ ಹತ್ತಿರ ಹೋದ ಹಾಗೆ ಶಾಖ ಹೊಡೆಯಿತು! "ಡ್ರೈವಿಂಗೇ ಕಾರಣ ಆಗಿದ್ರೆ ಎರಡೂ ಕಡೆ ಒಂದೇ ಥರ ಬಿಸಿ ಆಗ್ಬೇಕಲ್ವಾ ಸಾರ್?" ಈ ಒಂದು ಮಾತು ಎರಡು ವರ್ಷದಿಂದ ನನಗೆ ಯಾರೂ ಹೇಳಿರಲಿಲ್ಲ. ಮೈಲೇಜ್ ಒಂದೆರಡು ಕಿಲೋಮೀಟರ್ ಇಳಿದಿದ್ದು, ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತಿದ್ದದ್ದು, ಎಡ ರಿಮ್ ಮೇಲೆ ಮಾತ್ರ ಕಪ್ಪು ಪುಡಿ ಜಾಸ್ತಿ ಕೂರುತ್ತಿದ್ದದ್ದು ಎಲ್ಲಾ ಆಗ ನೆನಪಾಯಿತು.

ಗ್ಯಾರೇಜಿಗೆ ವಾಪಸ್ ಬಂದು ಜಾಕಿ ಹಾಕಿದರು. ನನ್ನಿಂದ ಒಂದು ಸಲ ಬ್ರೇಕ್ ಒತ್ತಿಸಿ ಬಿಡಿಸಿ, ಕೈಯಲ್ಲಿ ವೀಲ್ ತಿರುಗಿಸಿದರು. ಬಲಗಡೆಯದು ಸಲೀಸಾಗಿ ತಿರುಗಿತು, ಎಡಗಡೆಯದು ಅರ್ಧ ಸುತ್ತಿಗೇ ನಿಂತಿತು. ಆಮೇಲೆ ಮಾಡಿದ್ದು ನನಗೆ ತುಂಬಾ ಹಿಡಿಸಿತು. ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರಿನಿಂದ ಗಾಳಿ ತೆಗೆಯುವ ನಿಪ್ಪಲ್ ಇರುತ್ತದಲ್ಲ, ಅದನ್ನು ಸ್ವಲ್ಪ ಸಡಿಲಿಸಿ ಮತ್ತೆ ವೀಲ್ ತಿರುಗಿಸಿದರು. ಆಗ ವೀಲ್ ಸಡಿಲವಾದರೆ ಬ್ರೇಕ್ ಆಯಿಲಿನ ಒತ್ತಡ ಒಳಗೇ ಸಿಕ್ಕಿಕೊಂಡಿದೆ ಅಂತ ಅರ್ಥ, ಆಯಿಲ್ ಬರುವ ರಬ್ಬರ್ ಹೋಸ್ ಒಳಗೆ ಊದಿಕೊಂಡಿದ್ದರೆ ಹಾಗಾಗುತ್ತದೆ. ನಮ್ಮದು ಆಗಲೂ ಬಿಗಿಯಾಗೇ ಇತ್ತು. ಹಾಗಾದರೆ ಪ್ಯಾಡನ್ನು ತಳ್ಳುವ ಪಿಸ್ಟನ್ ಜಾಮ್ ಆಗಿರಬೇಕು, ಇಲ್ಲ ಕ್ಯಾಲಿಪರ್ ಜಾರುವ ಪಿನ್.

ಪ್ಯಾಡ್ ನಾಲ್ಕನ್ನೂ ಬಿಚ್ಚಿ ಹಳೇ ಪೇಪರ್ ಮೇಲೆ ಸಾಲಾಗಿ ಇಟ್ಟು ವರ್ನಿಯರಲ್ಲಿ ಅಳೆದರು. ಬಲಗಡೆ ಎರಡೂ 8 ಮಿಲಿಮೀಟರ್. ಎಡಗಡೆ ಹೊರಗಿನದು 6, ಒಳಗಿನದು ಬರೀ 2. ಅದೂ ಸಮನಾಗಿ ಅಲ್ಲ, ಹಿಮ್ಮಡಿ ಒಂದೇ ಕಡೆ ಸವೆದ ಹವಾಯಿ ಚಪ್ಪಲಿ ಥರ ಓರೆಯಾಗಿ. 3 ಮಿಲಿಮೀಟರ್ ಆಗುವಾಗಲೇ ಬದಲಾಯಿಸಬೇಕು, ನಾನು ಅದನ್ನೂ ದಾಟಿ ಓಡಿಸುತ್ತಿದ್ದೆ.

ಈ ಥರದ ಕ್ಯಾಲಿಪರಲ್ಲಿ ಪಿಸ್ಟನ್ ಒಂದೇ ಕಡೆ ಇರುತ್ತದೆ. ಅದು ಒಳಗಿನ ಪ್ಯಾಡನ್ನು ತಳ್ಳುತ್ತದೆ, ಆಗ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಡಿಸ್ಕಿಗೆ ಎಳೆಯುತ್ತದೆ. ಪಿನ್ ಜಾರದಿದ್ದರೆ ಕೆಲಸ ಎಲ್ಲಾ ಒಳಗಿನ ಪ್ಯಾಡಿನ ಮೇಲೇ ಬೀಳುತ್ತದೆ, ಕಾಲು ತೆಗೆದರೂ ಅದು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ನಮ್ಮ ಗಾಡಿಯಲ್ಲಿ ಕ್ಲ್ಯಾಂಪ್ ಹಾಕಿ ಒತ್ತಿದಾಗ ಪಿಸ್ಟನ್ ಸರಾಗವಾಗಿ ಒಳಗೆ ಹೋಯಿತು. ಕೆಳಗಿನ ಪಿನ್ ಮಾತ್ರ ಅಲ್ಲಾಡಲೇ ಇಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಮೆಲ್ಲಗೆ ತಟ್ಟಿ ತಟ್ಟಿ ಹೊರಗೆ ತೆಗೆಯಲು ಅರ್ಧ ಗಂಟೆ ಬೇಕಾಯಿತು. ಪಿನ್ನಿಗೆ ಮುಚ್ಚಿರುವ ರಬ್ಬರ್ ಕವರ್, ಅಂದರೆ ಬೂಟ್, ಹರಿದು ಒಳಗೆ ಕೆಮ್ಮಣ್ಣಿನ ಕೆಸರು ಸೇರಿತ್ತು. ಮೇಲಿನ ಪಿನ್ನಿಗೆ ಯಾರೋ ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ತುಂಬಿದ್ದರು, ಅದಕ್ಕೆ ರಬ್ಬರ್ ಊದಿಕೊಂಡಿತ್ತು. ಅಲ್ಲಿಗೆ ಸಿಲಿಕೋನ್ ಗ್ರೀಸೇ ಬೇಕಂತೆ. ಎರಡು ಸಲ ಪ್ಯಾಡ್ ಹಾಕಿದವರು ಈ ಪಿನ್ ಒಂದು ಸಲ ಎಳೆದು ನೋಡಿದ್ದರೆ ಸಾಕಿತ್ತು. ನನಗೆ ದುಡ್ಡಿಗಿಂತ ಅದಕ್ಕೇ ಬೇಜಾರು, ಮನೆಯವರೆಲ್ಲ ಕೂತು ಬೆಟ್ಟ ಇಳಿಯುವ ಗಾಡಿ ಇದು.

ಡಿಸ್ಕ್ ಬದಲಾಯಿಸಬೇಕಾ ಅಂತ ಭಯದಲ್ಲೇ ಕೇಳಿದೆ. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕ್ ಮೇಲೇ ಕೆತ್ತಿತ್ತು, ಅದನ್ನು ತೋರಿಸಿ ಅಳೆದು ಬೇಡ ಅಂದರು. ಬೇಕು ಅಂದಿದ್ದರೆ ನಾನು ಕೊಡುತ್ತಿದ್ದೆ!

ಖರ್ಚು: ಎರಡೂ ಕಡೆಗೆ ಹೊಸ ಪ್ಯಾಡ್ 1,600, ಪಿನ್ ಮತ್ತು ಬೂಟ್ 350, ಬ್ರೇಕ್ ಆಯಿಲ್ 250, ಕೂಲಿ 700. ಒಟ್ಟು 2,900. ಕೊನೆಗೆ ಮತ್ತೆ ರಿಂಗ್ ರೋಡಿಗೆ ಹೋಗಿ, ಸ್ಪೀಡ್ 50ರಿಂದ ನಿಧಾನಕ್ಕೆ 10ಕ್ಕೆ ಇಳಿಸುವುದನ್ನು ಎಂಟು ಹತ್ತು ಸಲ ಅವರೇ ಮಾಡಿ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿ ಕೂರುವ ಹಾಗೆ ಮಾಡಿದರು. ಮೊದಲ 200 ಕಿಲೋಮೀಟರ್ ಜೋರಾಗಿ ಒತ್ತಬೇಡಿ, ಬೆಟ್ಟ ಇಳಿಯುವಾಗ ಎರಡನೇ ಗೇರಲ್ಲಿ ಬನ್ನಿ, ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ ಅಂದರು. ನನಗೆ ಆ ಅಭ್ಯಾಸ ಇತ್ತು, ಈಗ ಬಿಟ್ಟಿದ್ದೇನೆ.

ಕೊರತೆಗಳೂ ಇವೆ. ಕೂರಲು ಒಂದು ಸ್ಟೂಲ್ ಮಾತ್ರ. ಫೋನ್ ಎತ್ತುವುದಿಲ್ಲ, ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಮುಚ್ಚಿರುತ್ತದೆ. ಗಾಡಿ ಬೀದಿಯಲ್ಲೇ ನಿಲ್ಲಿಸಬೇಕು, ಹತ್ತು ಗಂಟೆ ಮೇಲೆ ಜಾಗ ಸಿಗುವುದು ಕಷ್ಟ. ಬಿಲ್ ಬಿಳಿ ಚೀಟಿಯಲ್ಲಿ ಬರೆದು ಕೊಡುತ್ತಾರೆ, ಕಂಪನಿ ಬಿಲ್ ಬೇಕಾದವರಿಗೆ ಆಗುವುದಿಲ್ಲ.

ಮೊನ್ನೆ 7,000 ಕಿಲೋಮೀಟರ್ ಆದಮೇಲೆ ಹೋಗಿದ್ದೆ. ಎಡಗಡೆ ವೀಲ್ ಬಿಚ್ಚಿ ಅಳೆದರು, ಒಳಗಿನದು ಎಂಟೂವರೆ, ಹೊರಗಿನದೂ ಎಂಟೂವರೆ. ಪಿನ್ ಎಳೆದು ನೋಡಿ ವಾಪಸ್ ಹಾಕಿದರು. ಎಷ್ಟಾಯಿತು ಅಂದರೆ, "ನೋಡಿದ್ದಕ್ಕೆಲ್ಲ ಏನ್ ತಗೊಳ್ಳೋದು ಸಾರ್, ಹೋಗಿ" ಅಂದರು.