ಕಾರನ್ನು ಕ್ಷಣದಲ್ಲಿ ಒಣಗಿಸುವ, ತಾನು ಮಾತ್ರ ಒಣಗದ ಟವೆಲ್

ಕಡುನೀಲಿ ಬಣ್ಣದ ಕಾರು ಇಟ್ಟುಕೊಂಡವರಿಗೆ ಅದನ್ನು ತೊಳೆಯುವುದಕ್ಕಿಂತ ಒರೆಸುವುದರ ಚಿಂತೆಯೇ ಹೆಚ್ಚು. ಬೆಂಗಳೂರಿನ ನಮ್ಮ ಬಡಾವಣೆಯ ಬೋರ್‌ವೆಲ್ ನೀರು ಬಹಳ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹನಿ ಆರಿದಲ್ಲೇ ಬಿಳಿಯ ಉಂಗುರಗಳಾಗಿ ಉಳಿಯುತ್ತವೆ, ಬಿಸಿಲಿಗೆ ಕಾದ ಬಾನೆಟ್ಟಿನ ಮೇಲಾದರೆ ಸುಲಭಕ್ಕೆ ಬಿಡುವುದೂ ಇಲ್ಲ. ಕಾವೇರಿ ನೀರು ಇದಕ್ಕಿಂತ ಮೆದುವೇನೋ ಹೌದು, ಆದರೆ 2024ರ ಮಾರ್ಚಿನಲ್ಲಿ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿದಾಗಿನಿಂದ ನಾನು ಆ ಯೋಚನೆಯನ್ನೇ ಬಿಟ್ಟಿದ್ದೇನೆ. ಹೀಗಾಗಿ ಗಾಳಿಗೆ ತಾನೇ ಒಣಗಲಿ ಎಂದು ಕಾರನ್ನು ಬಿಡುವಂತಿಲ್ಲ.

ಒರೆಸುವುದಾದರೆ ಯಾವುದರಿಂದ ಎಂಬುದು ಮುಂದಿನ ಪ್ರಶ್ನೆ. ಬಣ್ಣವನ್ನು ಕಾಯುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪವಿರುತ್ತದೆ, ಅಂದರೆ ತಲೆಗೂದಲಿಗಿಂತ ತೆಳು. ಹಳೆಯ ಬನಿಯನ್ನಾಗಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ನೀರು ಹೀರುವ ಹಳದಿ ಸಿಂಥೆಟಿಕ್ ಬಟ್ಟೆ, ಅಂದರೆ ಶ್ಯಾಮಿಯಾಗಲಿ ನೀರನ್ನು ಚೆನ್ನಾಗಿಯೇ ತೆಗೆಯುತ್ತವೆ. ಆದರೆ ಶ್ಯಾಮಿಯ ಮೈ ನುಣುಪಾಗಿರುವುದರಿಂದ, ತೊಳೆದ ಮೇಲೂ ಉಳಿದ ಒಂದು ಮಣ್ಣಿನ ಕಣಕ್ಕೆ ಒಳಗೆ ಸೇರಿಕೊಳ್ಳಲು ಜಾಗವಿಲ್ಲದೆ ಅದು ಬಣ್ಣದ ಮೇಲೆಯೇ ಉಜ್ಜಿಕೊಂಡು ಹೋಗುತ್ತದೆ. ನೀರನ್ನು ಬಳಿದು ತೆಗೆಯುವ ಸಿಲಿಕೋನ್ ಬ್ಲೇಡಿನ ಕಥೆಯೂ ಇದೇ. ಗಾಜಿಗೆ ಅದು ಸರಿ, ಬಣ್ಣಕ್ಕೆ ಬೇಡ. ನೆರಳಿನಲ್ಲಿ ಕಾಣದ ಈ ಸುತ್ತುಗೀರುಗಳು ರಾತ್ರಿ ಪೆಟ್ರೋಲ್ ಬಂಕಿನ ದೀಪದಡಿ ಜೇಡರ ಬಲೆಯಂತೆ ಹೊಳೆಯುತ್ತವೆ. (ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಸಾಲು ಕಾರುಗಳನ್ನು ದಿನಾ ಒರೆಸುವ ಪದ್ಧತಿಯ ಬಗ್ಗೆ ಹೇಳಹೊರಟರೆ ಈ ವಿಮರ್ಶೆ ಮುಗಿಯುವುದಿಲ್ಲ.)

ಇದನ್ನೆಲ್ಲ ನೋಡಿ ನಾನು ಕೊಂಡದ್ದು ಹುರಿಗೊಳಿಸಿದ ಕುಣಿಕೆಗಳಿರುವ, 60×90 ಸೆಂಟಿಮೀಟರ್ ಅಳತೆಯ, ಚದರ ಮೀಟರಿಗೆ 1,200 ಗ್ರಾಂ ತೂಕದ ದಪ್ಪ ಮೈಕ್ರೋಫೈಬರ್ ಟವೆಲ್. ಇಂಥ ಅಳತೆ, ತೂಕಗಳೆಲ್ಲ ಮಾರಾಟದ ಪುಟದಲ್ಲೇ ಇರುತ್ತವೆ. ಬಳಸುವ ಸುಖವನ್ನು ಮಾತ್ರ ಅಲ್ಲಿ ಯಾರೂ ಬರೆದಿಲ್ಲ. ಟವೆಲ್ಲನ್ನು ಮೊದಲು ಸ್ವಲ್ಪ ನೆನೆಸಿ ಹಿಂಡಿ, ಕಾರಿನ ಮಾಡಿನ ಮೇಲೆ ಪೂರ್ತಿ ಹರಡಿ, ಎರಡು ಮೂಲೆಗಳನ್ನಷ್ಟೇ ಹಿಡಿದು, ಒತ್ತದೆ, ನಿಧಾನವಾಗಿ ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಅದು ಹಾದುಹೋದಲ್ಲಿ ಒಂದು ಹನಿಯೂ ಉಳಿಯುವುದಿಲ್ಲ, ಆಕಾಶದ ಬಿಂಬ ಮಾತ್ರ ಇರುತ್ತದೆ. ಕೈಗೆ ಉಜ್ಜುವ ಕೆಲಸವೇ ಇಲ್ಲ. ಮಾಡು, ಗಾಜು, ಬಾನೆಟ್, ಡಿಕ್ಕಿ, ಕೊನೆಗೆ ಬಾಗಿಲುಗಳು ಎಂಬ ಈ ಕ್ರಮವನ್ನು ನಾನು ಯಾವತ್ತೂ ತಪ್ಪಿಸುವುದಿಲ್ಲ, ಏಕೆಂದರೆ ಬಾಗಿಲಿನ ಕೆಳಭಾಗದಲ್ಲೇ ಹೆಚ್ಚು ಮಣ್ಣಿರುತ್ತದೆ. ಎಲ್ಲ ಮುಗಿಯಿತೆನ್ನುವಾಗ ಕನ್ನಡಿಯ ಸಂದಿನಿಂದ ಒಂದು ಹನಿ ಇಳಿದು ಬಾಗಿಲಿನುದ್ದಕ್ಕೂ ಗೆರೆ ಎಳೆಯುತ್ತದೆ. ಅದಕ್ಕೆಂದೇ ಒಂದು ಸಣ್ಣ ಬಟ್ಟೆ ಜೇಬಿನಲ್ಲಿರುತ್ತದೆ.

ಮೊದಲ ಬೇಸಿಗೆಯಲ್ಲಿ ಇಲ್ಲಿಗೇ ನಿಲ್ಲಿಸಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಮಳೆಗಾಲ ಬಂದಾಗ ಇದರ ನಿಜವಾದ ಸ್ವಭಾವ ತಿಳಿಯಿತು. ಚದರ ಮೀಟರಿಗೆ 1,200 ಗ್ರಾಂ ಎಂದರೆ ಈ ಅಳತೆಯ ಟವೆಲ್ ಒಣಗಿದ್ದಾಗಲೇ ಸುಮಾರು 650 ಗ್ರಾಂ ತೂಗುತ್ತದೆ. ನೀರು ಹೀರಿದ ಮೇಲೆ ಅದನ್ನು ಹಿಂಡಲು ಇಬ್ಬರು ಬೇಕು, ಬಾಲ್ಕನಿಯ ತಂತಿಯ ಮೇಲೆ ಹಾಕಿದರೆ ಜುಲೈ ತಿಂಗಳಿನಲ್ಲಿ ಮೂರನೆಯ ದಿನಕ್ಕೂ ಒಳಗೆ ತೇವ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ. "ನಿನ್ನ ಕಾರಿನ ಕಂಬಳಿ ಇನ್ನೂ ಒಣಗಿಲ್ಲ ಕಣೋ, ಸೀರೆ ಹಾಕೋಕೆ ಜಾಗವೇ ಇಲ್ಲ" ಎಂಬುದು ಅಮ್ಮನ ವಾರದ ದೂರು. ಡ್ರೈಯರಿನ ಹೆಚ್ಚಿನ ಶಾಖಕ್ಕೆ ಹಾಕುವಂತಿಲ್ಲ, ಎಳೆಗಳು ಬಿರುಸಾಗುತ್ತವೆ. ಘಮಘಮಿಸುವ ಕಂಡೀಷನರ್ ಸೇರಿಸುವಂತಿಲ್ಲ, ಅದು ಎಳೆಗಳ ಮೇಲೆ ಜಿಡ್ಡಿನ ಲೇಪವಾಗಿ ಕೂತು ನೀರು ಹೀರುವ ಗುಣವನ್ನೇ ಕೆಡಿಸುತ್ತದೆ. ಹತ್ತಿಯ ಬಟ್ಟೆಗಳ ಜೊತೆ ಒಗೆಯುವಂತಿಲ್ಲ, ಅವುಗಳ ಜುಂಗನ್ನೆಲ್ಲ ಇದೇ ಹಿಡಿದುಕೊಂಡು ಬರುತ್ತದೆ. ಒಂದು ಟವೆಲ್ಲಿಗಾಗಿ ಮೆಷಿನ್ನನ್ನು ಪ್ರತ್ಯೇಕವಾಗಿ ಓಡಿಸುವುದು ನಮ್ಮ ಮನೆಯ ನೀರಿನ ಲೆಕ್ಕಕ್ಕೆ ಹೊಂದುವುದಿಲ್ಲವಾದ್ದರಿಂದ ಬಕೆಟ್ಟಿನಲ್ಲಿ ದ್ರವ ಸೋಪು ಹಾಕಿ ಕೈಯಲ್ಲೇ ಒಗೆಯುತ್ತೇನೆ.

ತೂಕದ ಇನ್ನೊಂದು ತೊಂದರೆ ಬಣ್ಣದ ಸುರಕ್ಷತೆಗೇ ಸಂಬಂಧಿಸಿದ್ದು. ಒದ್ದೆಯಾದ ಟವೆಲ್ಲಿನ ಮೂಲೆ ಕೈಜಾರಿ ನೆಲಕ್ಕೆ ತಾಗಿತೆಂದರೆ ಕುಣಿಕೆಗಳ ಒಳಗೆ ಮರಳು ಸೇರಿತೆಂದೇ ಅರ್ಥ. ಆಮೇಲೆ ಒಗೆಯುವವರೆಗೆ ಅದನ್ನು ಬಣ್ಣಕ್ಕೆ ತಾಗಿಸಬಾರದು. ಅಂಚಿನ ಹೊಲಿಗೆಗೆ ಸಿಕ್ಕಿಸಿದ್ದ ಗಟ್ಟಿ ಲೇಬಲ್ಲನ್ನಂತೂ ತಂದ ದಿನವೇ ಕತ್ತರಿಸಿ ತೆಗೆದೆ. ಮೃದುತ್ವದ ಹೆಸರಿನಲ್ಲಿ ಮಾರುವ ಬಟ್ಟೆಗೆ ಅಂಥದ್ದನ್ನು ಹೊಲಿಯುವವರು ಕಾರು ಒರೆಸಿದವರಲ್ಲ.

ಈಗ ಟವೆಲ್ಲಿನ ಮೇಲಿನ ಹೊರೆಯನ್ನೇ ಕಡಿಮೆ ಮಾಡಿದ್ದೇನೆ. ಕೊನೆಯ ಸಲ ನೀರು ಹಾಯಿಸುವಾಗ ಪೈಪಿನ ನಾಜಲ್ ತೆಗೆದು, ಒತ್ತಡವಿಲ್ಲದ ಧಾರೆಯನ್ನು ಮಾಡಿನಿಂದ ಕೆಳಕ್ಕೆ ನಿಧಾನವಾಗಿ ಬಿಟ್ಟರೆ, ವ್ಯಾಕ್ಸ್ ಹಾಕಿದ ಕಾರಿನಲ್ಲಿ ನೀರು ಹಾಳೆಯಂತೆ ಜಾರಿ ಅರ್ಧಕ್ಕಿಂತ ಹೆಚ್ಚು ತಾನೇ ಇಳಿದುಹೋಗುತ್ತದೆ. ಕನ್ನಡಿ, ಹಿಡಿಕೆ, ನಂಬರ್ ಪ್ಲೇಟುಗಳ ಸಂದುಗಳಿಗೆ ಬ್ಲೋವರ್ ಅತ್ಯುತ್ತಮ, ಬಣ್ಣವನ್ನು ಮುಟ್ಟದೆಯೇ ಒಣಗಿಸುವ ವಿಧಾನ ಅದೊಂದೇ. ಆದರೆ ಭಾನುವಾರ ಬೆಳಗ್ಗೆ ಅದರ ಸದ್ದಿಗೆ ಅಕ್ಕಪಕ್ಕದವರು ಬೈದುಕೊಳ್ಳುತ್ತಾರೆ, ಒಳ್ಳೆಯ ಬ್ಲೋವರಿನ ಬೆಲೆಗೆ ಇಂಥ ಹಲವು ಟವೆಲ್‌ಗಳು ಬರುತ್ತವೆ.

ಒಣಗಿಸಲು ಬಿಸಿಲು ಬೀಳುವ ತಾರಸಿ ಇರುವವರು, ದೊಡ್ಡ ಎಸ್‌ಯುವಿ ಇರುವವರು ಈ ದೊಡ್ಡ ಟವೆಲ್ಲನ್ನೇ ಧಾರಾಳವಾಗಿ ಕೊಳ್ಳಬಹುದು. ನನ್ನಂತೆ ಬಾಲ್ಕನಿಯಲ್ಲಿ ಒಂದು ತಂತಿ, ಕೆಳಗೊಂದು ಹ್ಯಾಚ್‌ಬ್ಯಾಕ್ ಇರುವವರಿಗೆ ಅದೇ ಬಟ್ಟೆಯ 40×60 ಅಳತೆಯ ಎರಡು ಸಾಕು. ಒಂದು ನೆಲಕ್ಕೆ ಬಿದ್ದರೂ ಇನ್ನೊಂದು ಕೈಯಲ್ಲಿರುತ್ತದೆ. ನಾನೂ ಅವನ್ನೇ ತರಿಸಿಕೊಳ್ಳುತ್ತಿದ್ದೇನೆ, ಇದನ್ನು ಬಾಗಿಲಿನ ಚೌಕಟ್ಟು ಮತ್ತು ಚಕ್ರಗಳಿಗೆ ಇಟ್ಟುಕೊಳ್ಳುತ್ತೇನೆ. ಐದಕ್ಕೆ ಮೂರೂವರೆ.